ಗುರುವಾರದ ನಾಯಿ

ಮೂಳೆ ವಾರ್ಡಿನ ಒಂಬತ್ತನೇ ಮಂಚದ ಯಜಮಾನರು ಗೋಡೆ ಕಡೆ ಮುಖ ಮಾಡಿ ಮಲಗಿ ಅಂದಿಗೆ ಹನ್ನೊಂದು ದಿನ. ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡು ಬಂದವರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿಯೂ ಆಗಿತ್ತು. ಆದರೆ ಯಜಮಾನರು ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ವ್ಯಾಯಾಮ ಮಾಡಿಸುವವರು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಊಟದ ತಟ್ಟೆ ಬಂದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಐವತ್ತು ವರ್ಷ ಒಂದೇ ಅಂಗಡಿಯಲ್ಲಿ ಕೂತು ಜನರ ಕೈಗಡಿಯಾರ ರಿಪೇರಿ ಮಾಡಿದವರು. ಮಗಳು ಬಂದು ಅತ್ತು ಕರೆದರೂ ತಿರುಗಿ ನೋಡಲಿಲ್ಲ.

ದಿನಾ ಬೆಳಿಗ್ಗೆ ಅವರ ಮೈ ಒರೆಸುತ್ತಿದ್ದವಳು ವಾರ್ಡಿನ ದೊಡ್ಡ ಸಿಸ್ಟರ್. ಆಳು ದೊಡ್ಡವಳೇನಲ್ಲ, ನಾಲ್ಕೂವರೆ ಅಡಿಯ ಮೇಲೆ ಎರಡು ಬೆರಳು. ಮೂವತ್ತೊಂದು ವರ್ಷ ಅದೇ ಆಸ್ಪತ್ರೆಯಲ್ಲಿ ದುಡಿದಿದ್ದಕ್ಕೆ ಆ ಹೆಸರು ಬಂದಿತ್ತು. ಮೇಲಿನವರು ಕೂತ್ಕೋ ಅಂದರೆ ಕೂತು, ಏಳು ಅಂದರೆ ಎದ್ದು ಕಳೆದ ಮೂವತ್ತೊಂದು ವರ್ಷ. ಎದುರು ಮಾತು ಎನ್ನುವುದನ್ನು ಅವಳ ಬಾಯಿಂದ ಯಾರೂ ಕೇಳಿದವರಿಲ್ಲ.

ಹನ್ನೆರಡನೇ ದಿನ ಬೆನ್ನು ಒರೆಸಿ ಯಜಮಾನರನ್ನು ಈ ಕಡೆ ಹೊರಳಿಸುವಾಗ ಅವರ ಕಣ್ಣು ಅವಳ ತೋಳಿನ ಮೇಲೆ ನಿಂತಿತು. ಸ್ವೆಟರಿಗೆ ಒಂದು ಕೂದಲು ಅಂಟಿತ್ತು. ಯಜಮಾನರು ಹೆಬ್ಬೆಟ್ಟು ತೋರುಬೆರಳು ಜೋಡಿಸಿ, ಗಡಿಯಾರದೊಳಗಿನ ಸ್ಪ್ರಿಂಗ್ ಎತ್ತುವವರ ಹಾಗೆ, ಅದನ್ನು ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿದರು.

"ನಾಯೀದು," ಎಂದರು. ಹನ್ನೆರಡು ದಿನದಲ್ಲಿ ಆಡಿದ ಮೊದಲ ಮಾತು.

"ಹೌದು ಯಜಮಾನ್ರೇ, ನಮ್ಮನೇದು."

"ಬಣ್ಣ?"

"ಬೆನ್ನು ಕಂದು, ಹೊಟ್ಟೆ ಬಿಳಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು."

"ಹೆಸರು?"

"ಗೊರಕೆ."

ಯಜಮಾನರು ಮತ್ತೆ ಗೋಡೆ ಕಡೆ ತಿರುಗಿದರು. ಆದರೆ ಮರುದಿನ ಅವಳು ಬರುವುದನ್ನೇ ಕಾಯುತ್ತಿದ್ದ ಹಾಗೆ ಕೇಳಿದರು: "ಆ ಹೆಸರು ಯಾಕೆ?" ಅವಳು ಹೇಳಿದಳು. ಒಂಬತ್ತು ವರ್ಷದ ಹೆಣ್ಣು ನಾಯಿ, ಮಲಗಿದರೆ ಪಕ್ಕದ ಮನೆಯವರು ಗಂಡಸರು ಯಾರು ಬಂದಿದ್ದಾರೆ ಎಂದು ವಿಚಾರಿಸುವಷ್ಟು ಗೊರಕೆ. ಅಂದು ಯಜಮಾನರು ಎರಡು ತುತ್ತು ಉಂಡರು. ಅವಳಿಗೆ ದಾರಿ ಸಿಕ್ಕಿತು. ದಿನಕ್ಕೊಂದು ಕಥೆ. ಗೊರಕೆ ಅತ್ತೆಯ ಹಲ್ಲಿನ ಸೆಟ್ಟು ಕದ್ದು ಹಾಸಿಗೆ ಕೆಳಗೆ ಬಚ್ಚಿಟ್ಟ ಕಥೆ. ಮನೆಗೆ ನುಗ್ಗಿದ ಕಳ್ಳನನ್ನು ಗೇಟಿನ ತನಕ ಬಾಲ ಆಡಿಸುತ್ತಾ ಬೀಳ್ಕೊಟ್ಟ ಕಥೆ. ಒಂದು ಕಥೆಗೆ ಅರ್ಧ ತಟ್ಟೆ ಖಾಲಿಯಾಗುತ್ತಿತ್ತು.

ಐದನೇ ದಿನ ಯಜಮಾನರು ಚಮಚ ಕೆಳಗಿಟ್ಟರು.

"ಸುಳ್ಳು," ಎಂದರು. "ಅಂಥ ನಾಯಿ ಇಲ್ಲ. ನನಗೆ ಉಣ್ಣಿಸೋಕೆ ಕಟ್ತಿದೀರಿ. ನಾನೇನು ಎಳೇ ಮಗುನಾ?"

ಅವಳಿಗೆ ಚುರುಕ್ ಎಂದಿತು. ಅವಳನ್ನು ದಡ್ಡಿ ಎಂದವರಿದ್ದರು, ನಿಧಾನ ಎಂದವರಿದ್ದರು. ಸುಳ್ಳಿ ಎಂದವರು ಯಾರೂ ಇರಲಿಲ್ಲ.

"ಸುಳ್ಳಾ? ಕರ್ಕೊಂಡು ಬಂದು ತೋರಿಸ್ತೀನಿ!"

"ತೋರಿಸಿ ನೋಡೋಣ."

ಬಾಯಿಂದ ಬಿದ್ದ ಮಾತು. ಸಂಜೆ ಮನೆಗೆ ಬಂದು ಅತ್ತೆಗೆ ಹೇಳಿದಾಗಲೇ ಅದರ ಭಾರ ತಿಳಿದದ್ದು. ಗಂಡ ತೀರಿಕೊಂಡ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಇದ್ದವರು ಅತ್ತೆ, ಸೊಸೆ, ಗೊರಕೆ. ಅತ್ತೆಗೆ ಎಂಬತ್ತು. ನಾಯಿಯನ್ನು ಶನಿ ಎಂದೇ ಕರೆಯುತ್ತಿದ್ದರು, ಅದು ಅವರ ಕಾಲ ಮೇಲೆ ತಲೆಯಿಟ್ಟು ಮಲಗದಿದ್ದರೆ ನಿದ್ದೆ ಮಾಡುತ್ತಿರಲಿಲ್ಲ.

"ಆಸ್ಪತ್ರೆಗಾ? ಈ ಶನೀನಾ?" ಎಂದು ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. "ಕೆಲಸ ಹೋಗುತ್ತೆ ಕಣೇ."

"ಹೋಗಲ್ಲ ಅತ್ತೆ. ಒಂದೇ ಸಲ. ಹತ್ತು ನಿಮಿಷ."

"ನನ್ನ ಮಗ ಬದುಕಿದ್ದಾಗ ಅವನಿಗೇ ಒಂದು ಎದುರು ಮಾತು ಆಡಿದವಳಲ್ಲ ನೀನು. ಈಗ ಇದ್ಯಾವ ಧೈರ್ಯ?" ಎಂದ ಅತ್ತೆ ಗೊರಕೆಯ ಕತ್ತು ಹಿಡಿದು ಮೂಸಿ ನೋಡಿ, "ಹಂಗಾದ್ರೆ ಬಿಸಿನೀರು ಇಡು," ಎಂದರು. "ಕೊಳಕು ಮೈಯಲ್ಲಿ ಕರ್ಕೊಂಡು ಹೋಗಿ ನನ್ನ ಮರ್ಯಾದೆ ಕಳೀಬೇಡ."

ಬುಧವಾರ ಇಬ್ಬರೂ ಸೇರಿ ಗೊರಕೆಯ ಮೈ ತೊಳೆದರು, ಉಗುರು ಕತ್ತರಿಸಿದರು. ದನದಾಸ್ಪತ್ರೆಯ ಡಾಕ್ಟರ ಹತ್ತಿರ ಅದರ ಚುಚ್ಚುಮದ್ದುಗಳೆಲ್ಲ ಸರಿಯಾಗಿವೆ ಎಂಬ ಚೀಟಿ ಬರೆಸಿಕೊಂಡದ್ದೂ ಆಯಿತು. ಗುರುವಾರ ಅವಳಿಗೆ ರಜೆ. ಮಧ್ಯಾಹ್ನ ನಾಲ್ಕಕ್ಕೆ, ರೋಗಿಗಳನ್ನು ನೋಡಲು ನೆಂಟರು ಬರುವ ಹೊತ್ತಿಗೆ, ಬಟ್ಟೆ ಒಗೆಯುವ ಕಟ್ಟಡದ ಹಿಂದಿನ ಇಳಿಜಾರಿನಿಂದ ಗೊರಕೆಯನ್ನು ಹತ್ತಿಸಿಕೊಂಡು ಬಂದಳು. ಯಾರಾದರೂ ತಡೆಯುತ್ತಾರೇನೋ ಎಂದು ಹಿಂದೆ ಮುಂದೆ ನೋಡುತ್ತಿದ್ದಳು. ಗೊರಕೆ ಮಾತ್ರ ಹುಟ್ಟಿದ್ದೇ ಅಲ್ಲಿ ಎನ್ನುವ ಹಾಗೆ ನಡೆದು ಬಂದು, ಒಂಬತ್ತನೇ ಮಂಚದಿಂದ ಮೂರು ಹೆಜ್ಜೆ ಈಚೆ ಫ್ಯಾನಿನ ಗಾಳಿ ಬೀಳುವ ಜಾಗ ನೋಡಿ ಧೊಪ್ಪನೆ ಮಲಗಿತು. ಎರಡು ನಿಮಿಷಕ್ಕೆ ಗೊರಕೆ ಶುರು.

ಯಜಮಾನರು ಮೊಣಕೈ ಊರಿ ಎದ್ದು ಕೂತಿದ್ದರು.

"ಇದೆ ಹಂಗಾದ್ರೆ," ಎಂದರು. "ಕರೀರಿ ಅದನ್ನ, ಇಲ್ಲಿಗೆ."

ಅವಳು ಕರೆದಳು. ಗೊರಕೆ ಒಂದು ಕಣ್ಣು ತೆರೆದು, ಬಾಲವನ್ನು ಒಂದು ಸಲ ನೆಲಕ್ಕೆ ಬಡಿದು, ಕಣ್ಣು ಮುಚ್ಚಿತು.

"ಬರಲ್ವಾ ಅದು?"

"ಮಲಗಿದ್ರೆ ಬರಲ್ಲ ಯಜಮಾನ್ರೇ. ಬೇಕಾದ್ರೆ ನೀವೇ ಹೋಗಿ."

"ಎಂಥಾ ಸೊಕ್ಕು!" ಎಂದು ಯಜಮಾನರು ಕಾಲು ಕೆಳಗೆ ಬಿಟ್ಟರು. ಬೈದುಕೊಳ್ಳುತ್ತಲೇ ವಾಕರ್ ಕೇಳಿದರು. ಅವಳು ಒಂದು ಕಡೆ, ಆಯಾ ಒಂದು ಕಡೆ ಹಿಡಿದುಕೊಂಡರು. ಒಂದು ಹೆಜ್ಜೆಗೆ ನಾಯಿಗೆ ಬೈಗುಳ, ಇನ್ನೊಂದಕ್ಕೆ ಸಿಸ್ಟರಿಗೆ, ಮೂರನೆಯದಕ್ಕೆ ಮೆಟ್ಟಿಲು ಕಟ್ಟಿದ ಮೇಸ್ತ್ರಿಗೆ. ಕುರ್ಚಿಯಲ್ಲಿ ಕೂತು, ಬಗ್ಗದೆ, ಪಾದದ ತುದಿಯಿಂದ ಗೊರಕೆಯ ಬೆನ್ನು ಮುಟ್ಟಿದರು. ಅದು ನಿದ್ದೆಯಲ್ಲೇ ನಿಟ್ಟುಸಿರು ಬಿಟ್ಟಿತು. ಯಜಮಾನರ ಗಲ್ಲ ನಡುಗುತ್ತಿತ್ತು. ಯಾರೂ ನೋಡದಿರಲಿ ಎಂದು ಅವಳು ಅಡ್ಡ ನಿಂತಳು.

ಅಷ್ಟರಲ್ಲಿ ಅರ್ಧಗೋಡೆಯ ಆಚೆಯ ಹೆಂಗಸರ ಸಾಲಿನಿಂದ ಒಂದು ದನಿ ಬಂತು. "ಸಿಸ್ಟರ್, ಅದು ಈ ಕಡೆ ಬರುತ್ತಾ? ನನಗೆ ಭಯ."

ಬಾಗಿಲ ಹತ್ತಿರದ ಮಂಚದ ಟೀಚರ್. ಮೊಣಕಾಲಿಂದ ಕೆಳಗೆ ಪ್ಲಾಸ್ಟರು. ಚಿಕ್ಕಂದಿನಲ್ಲಿ ನಾಯಿ ಕಚ್ಚಿದ ಗುರುತು ಮುಂಗೈ ಮೇಲೆ ಇನ್ನೂ ಇತ್ತು. ಸಿಸ್ಟರಿಗೆ ನಾಚಿಕೆಯಾಯಿತು. ಯಾರು ಹೆದರುತ್ತಾರೆ ಎಂದು ಮೊದಲೇ ಕೇಳಬೇಕಿತ್ತು. "ತಪ್ಪಾಯ್ತು ಟೀಚರ್, ಈಗಲೇ ಕರ್ಕೊಂಡು ಹೋಗ್ತೀನಿ," ಎಂದಳು.

ಟೀಚರ್ ಯಜಮಾನರನ್ನು ಒಮ್ಮೆ ನೋಡಿದರು. ಆಮೇಲೆ ದಿಂಬಿನ ಕೆಳಗಿನ ಚೀಲದಿಂದ ಒಂದು ಸೀಮೆಸುಣ್ಣ ತೆಗೆದು ಕೊಟ್ಟರು. "ಇಲ್ಲಿಂದ ಅಲ್ಲಿಗೆ ಒಂದು ಗೆರೆ ಎಳೀರಿ. ಗೆರೆ ಆಚೆ ಇದ್ರೆ ಇರಲಿ. ನಾನು ನೋಡ್ತಿರ್ತೀನಿ."

ಮರುದಿನ ಬೆಳಿಗ್ಗೆ ಅವಳು ತಾನಾಗಿಯೇ ಸೋಂಕು ತಡೆಯ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಬೈಯುವವರ ಪೈಕಿ. ಬೈದರು. ಬೈದು ಮುಗಿಸಿ, ಕಾಗದ ತೆಗೆದು ಬರೆದರು: ಹಿಂದಿನ ದಿನ ಸ್ನಾನ ಮಾಡಿಸಬೇಕು, ಗಾಯ ಒಣಗದವರ ಹತ್ತಿರ ಬಿಡಬಾರದು, ಮಂಚ ಹತ್ತಿಸಬಾರದು, ಮುಟ್ಟುವ ಮುಂಚೆ ಮುಟ್ಟಿದ ಮೇಲೆ ಕೈ ತೊಳೆಯಬೇಕು. "ಇದನ್ನ ಸೂಪರಿಂಟೆಂಡೆಂಟರಿಗೆ ಕಳಿಸ್ತೀನಿ. ಅವರು ಸಹಿ ಹಾಕಲಿ," ಎಂದರು.

ಸಹಿ ಬರಲಿಲ್ಲ. ಗುರುವಾರ ಬಂತು. ಗೆರೆಯ ಆಚೆ, ಗೊರಕೆ ಮಲಗುವ ಕಡೆ, ಆರು ಮಂದಿ ಕೈ ತೊಳೆದುಕೊಂಡು ಕಾದು ಕೂತಿದ್ದರು. ಬರಬೇಡಿ ಎನ್ನುವ ಮಾತೂ ಮೇಲಿನಿಂದ ಬಂದಿರಲಿಲ್ಲವಲ್ಲ, ಅವಳು ಗೊರಕೆಯನ್ನು ಕರೆತಂದಳು. ಮೂರನೇ ಗುರುವಾರದ ಹೊತ್ತಿಗೆ ಯಜಮಾನರು ವಾಕರ್ ಹಿಡಿದು ವಾರ್ಡಿನ ಬಾಗಿಲ ತನಕ ಹೋಗಿ ನಾಯಿಯನ್ನು ಎದುರುಗೊಳ್ಳುವಷ್ಟಾಗಿದ್ದರು. ಟೀಚರ್ ತಮ್ಮ ಮಂಚದಿಂದಲೇ ಕಾವಲು. "ಸಿಸ್ಟರ್, ಬಾಲ! ಬಾಲ ಗೆರೆ ದಾಟಿದೆ!"

ಅಂದೇ ಸೂಪರಿಂಟೆಂಡೆಂಟರು ವಾರ್ಡಿಗೆ ಬಂದದ್ದು. ಎಲ್ಲಿ ಕಾಲಿಟ್ಟರೂ ಮೊದಲು ಮೂಗೆತ್ತಿ ವಾಸನೆ ನೋಡುತ್ತಿದ್ದರಿಂದ ನೌಕರರು ಅವರನ್ನು ಫಿನಾಯಿಲ್ ಸಾಹೇಬರು ಎನ್ನುತ್ತಿದ್ದರು. ಮೂಗೆತ್ತಿದರು, ತಗ್ಗಿಸಿದರು, ಗೊರಕೆಯನ್ನು ಕಂಡರು. ಬಾಗಿಲ ಹತ್ತಿರ ಟೀಚರ ಮಂಚದ ಪಕ್ಕ ಬಗ್ಗಿ ಮೆಲ್ಲಗೆ ಏನೋ ಕೇಳಿ ಹೊರಟುಹೋದರು. ಅರ್ಧ ಗಂಟೆಗೆ ಕರೆ ಬಂತು.

"ಇದು ಆಸ್ಪತ್ರೆನೋ, ಪ್ರಾಣಿ ಸಂಗ್ರಹಾಲಯನೋ?" ಎಂದರು ಸಾಹೇಬರು.

"ಆಸ್ಪತ್ರೆ ಸರ್. ಅದಕ್ಕೇ ಕರ್ಕೊಂಡು ಬಂದೆ."

ಸಾಹೇಬರು ಹುಬ್ಬೇರಿಸಿದರು. ಅವಳಿಗೂ ತನ್ನ ದನಿ ತನ್ನದೇ ಎಂದು ನಂಬಲಾಗಲಿಲ್ಲ.

"ನಿಮ್ಮ ಬಗ್ಗೆ ಎಲ್ಲರೂ ಒಳ್ಳೆ ಮಾತೇ ಹೇಳಿದ್ರು. ಒಂದು ದಿನ ಎದುರಾಡಿದವರಲ್ಲ ಅಂತ."

"ಉಳಿಸಿಟ್ಟಿದ್ದೆ ಅನ್ಸುತ್ತೆ ಸರ್. ಒಂಬತ್ತನೇ ಮಂಚದವರು ಎದ್ದು ನಡೀತಿದಾರೆ. ಡಾಕ್ಟರಮ್ಮ ಬರೆದ ಕಾಗದ ನಿಮ್ಮ ಮೇಜಿನ ಮೇಲಿದೆ. ಬೇಡ ಅನ್ನೋದಾದ್ರೆ, ಯಾಕೆ ಬೇಡ ಅಂತ ಬರೆದು ಕೊಡಿ."

"ರೋಗಿಗಳೇ ದೂರು ಕೊಟ್ಟಿದಾರೆ. ಆ ಟೀಚರ್. ಸಾಕಾ?"

ಗೆರೆ ಎಳೆಯಲು ಸೀಮೆಸುಣ್ಣ ಕೊಟ್ಟವರು, ಒಳಗೊಳಗೇ ಇಷ್ಟು ನೊಂದಿದ್ದರೇ? ಅವಳಿಗೆ ಸಿಟ್ಟಿಗಿಂತ ಸಂಕಟವಾಯಿತು. ಮರುದಿನವೇ ಆದೇಶ ಬಂತು: ಮೂಳೆ ವಾರ್ಡಿನಿಂದ ನೆಲಮಾಳಿಗೆಯ ಬಟ್ಟೆ ಉಗ್ರಾಣಕ್ಕೆ. ವಾರ್ಡಿನ ಬಾಗಿಲಿಗೆ ಒಂದು ನೋಟಿಸು ಅಂಟಿತು: ರೋಗಿಗಳ ದೂರಿನ ಮೇರೆಗೆ ನಾಯಿಗಳಿಗೆ ಪ್ರವೇಶವಿಲ್ಲ.

ಉಗ್ರಾಣ ಎಂದರೆ ಕಿಟಕಿಯಿಲ್ಲದ ಉದ್ದನೆಯ ಕೋಣೆ. ಸೂರಿನ ತನಕ ಹೊದಿಕೆ, ಹಾಸು, ದಿಂಬಿನ ಚೀಲ. ಮಾತಾಡಿಸಲು ಒಂದು ಜೀವವಿಲ್ಲ. ಅವಳು ನಾಲ್ಕು ದಿನ ಹಲ್ಲು ಕಚ್ಚಿಕೊಂಡು ಬಟ್ಟೆ ಮಡಿಸಿದಳು. ಬುಧವಾರ ಸಂಜೆ ಮನೆಗೆ ಬಂದರೆ ಅತ್ತೆ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಒಬ್ಬರೇ ಗೊರಕೆಗೆ ಸೋಪು ಹಚ್ಚುತ್ತಿದ್ದರು.

"ಇನ್ಯಾಕೆ ಅತ್ತೆ? ಬಿಡಲ್ಲ ಅಂತ ಹೇಳಿದಾರಲ್ಲ."

"ಅವನು ಹೇಳಿದ್ದು ನಿನಗೆ. ಈ ಶನಿಗೆ ಏನು ಗೊತ್ತು? ಬುಧವಾರ ಬಂತು ಅಂತ ತಾನೇ ಬಂದು ಬಚ್ಚಲಲ್ಲಿ ನಿಂತಿದೆ." ಅತ್ತೆ ಸೊಸೆಯ ಮುಖ ನೋಡಿದರು. "ಸಿಸ್ಟರನ್ನ ಉಗ್ರಾಣಕ್ಕೆ ಹಾಕ್ದ, ಸರಿ. ನಾಳೆ ನಿನಗೆ ರಜೆ. ರಜೆ ದಿನ ನೀನು ಸಿಸ್ಟರಾ?"

ಅವಳು ತೋಳು ಮಡಚಿ ಬಚ್ಚಲಿಗೆ ಇಳಿದಳು.

ಗುರುವಾರ ಮೂರೂಮುಕ್ಕಾಲಿಗೆ, ಮನೆಬಟ್ಟೆಯಲ್ಲೇ, ಈ ಸಲ ಹಿಂದಿನ ಇಳಿಜಾರಿಗೆ ಹೋಗದೆ ಆಸ್ಪತ್ರೆಯ ಮುಂದಿನ ಗೇಟಿಗೇ ಬಂದಳು. ಕಾವಲಿನವನು ಕೈ ಜೋಡಿಸಿದ. "ಸಿಸ್ಟರ್, ಬೇಡ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

"ನಿನಗೆ ತೊಂದರೆ ಕೊಡಲ್ಲಪ್ಪಾ. ಗೇಟಿನ ಒಳಗೆ ಕಾಲಿಡಲ್ಲ. ಹೊರಗಿನ ರಸ್ತೆ ನಿಮ್ಮ ಸಾಹೇಬ್ರದ್ದಲ್ಲ ತಾನೇ?"

ಗೇಟಿನ ಹೊರಗೆ ಬಸ್ಸಿಗೆ ಕಾಯುವವರ ಕಲ್ಲುಬೆಂಚು. ಅಲ್ಲಿ ಕೂತಳು. ಗೊರಕೆ ಕಾಲ ಬುಡದಲ್ಲಿ ಒರಗಿತು. ಮೇಲೆ ಮೂಳೆ ವಾರ್ಡಿನ ಕಿಟಕಿಯಲ್ಲಿ ಯಾರದೋ ಕೈ ಆಡಿತು. ಇವಳೂ ಕೈ ಎತ್ತಿದಳು. ಇಷ್ಟೇ ಆದರೂ ಸರಿ, ಪ್ರತಿ ಗುರುವಾರ ಇಲ್ಲಿ ಬಂದು ಕೂರುವುದೇ ಎಂದು ಮನಸ್ಸಿನಲ್ಲೇ ಪಟ್ಟು ಹಿಡಿದಳು. ಕಿಟಕಿಯಿಂದ ನೋಡುವುದನ್ನು ತಪ್ಪಿಸಲು ಸಾಹೇಬರು ಕಿಟಕಿಗೆ ಗೋಡೆ ಕಟ್ಟಿಸಬೇಕಾಗುತ್ತದೆ.

ಕಾಲು ಗಂಟೆ ಕಳೆಯಿತು. ಆಸ್ಪತ್ರೆಯ ಮುಂದಿನ ಇಳಿಜಾರಿನ ಮೇಲೆ ಏನೋ ಬರುತ್ತಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ನೋಡಿ ಎದ್ದು ನಿಂತಳು. ಗಾಲಿಕುರ್ಚಿಯಲ್ಲಿ ಪ್ಲಾಸ್ಟರಿನ ಕಾಲು ಮುಂದೆ ಚಾಚಿಕೊಂಡು ಟೀಚರ್. ಹಿಂದೆ, ವಾಕರ್ ಬಿಟ್ಟು ಆ ಕುರ್ಚಿಯನ್ನೇ ಹಿಡಿದು ತಳ್ಳುತ್ತಾ ಯಜಮಾನರು. ಅವರ ಹಿಂದೆ ಎರಡೂ ಕೈ ಚಾಚಿಕೊಂಡು, ಬಿದ್ದರೆ ಯಾರನ್ನು ಹಿಡಿಯಲಿ ಎಂದು ತಿಳಿಯದೆ, ಆಯಾ.

"ಬ್ರೇಕ್ ಹಾಕಿ! ಇಳಿಜಾರು ಅದು, ಬ್ರೇಕ್!" ಎಂದು ಅವಳು ರಸ್ತೆಯಿಂದಲೇ ಕೂಗಿದಳು.

"ಗಡಿಯಾರದವನಿಗೆ ಚಕ್ರದ ವಿಷಯ ಹೇಳಿಕೊಡ್ತೀರಾ?" ಎಂದು ಯಜಮಾನರು ತಿರುಗಿ ಕೂಗಿದರು. ಉಬ್ಬಸ ಬರುತ್ತಿತ್ತು, ಮುಖ ಕೆಂಪಾಗಿತ್ತು, ಆದರೆ ನಿಲ್ಲಲಿಲ್ಲ. ವಾರ್ಡಿನಿಂದ ಗೇಟಿನ ತನಕ ನೂರಾ ಅರವತ್ತು ಹೆಜ್ಜೆ. ಆಮೇಲೆ ಅವರೇ ಲೆಕ್ಕ ಹೇಳಿದರು.

ಗೊರಕೆ ಎದ್ದು ಬಾಲ ಆಡಿಸಿತು. ಟೀಚರ್ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದರು. "ಅಲ್ಲೇ ಹಿಡ್ಕೊಳ್ಳಿ ಸಿಸ್ಟರ್! ಹತ್ತಿರ ತರಬೇಡಿ!" ಎಂದವರು ಒಂದು ಉಸಿರು ಎಳೆದುಕೊಂಡು ಕೇಳಿದರು, "ನಾನು ದೂರು ಕೊಟ್ಟೆ ಅಂದ್ರಾ ಅವರು?"

"ಹೌದು ಟೀಚರ್. ನನ್ನಿಂದ ನಿಮಗೆ ತೊಂದರೆ ಆಗಿದ್ರೆ..."

"ಆ ದಿನ ರೌಂಡ್ಸಿಗೆ ಬಂದು ಕೇಳಿದ್ರು, ನಾಯಿ ಕಂಡ್ರೆ ನಿಮಗೆ ಭಯ ಇಲ್ವಾ ಅಂತ. ಇದೆ ಅಂದೆ. ಅಷ್ಟೇ. ನನ್ನ ಭಯ ನನ್ನದು. ಅದನ್ನ ತಗೊಂಡು ಹೋಗಿ ನಿಮ್ಮ ತಲೆ ಮೇಲೆ ಹೊಡೆಯೋಕೆ ಅವರ್ಯಾರು?"

ಅಷ್ಟರಲ್ಲಿ ಸೂಪರಿಂಟೆಂಡೆಂಟರೇ ದಡದಡನೆ ಬಂದರು. ಕಾವಲಿನವನು ಸುದ್ದಿ ಮುಟ್ಟಿಸಿದ್ದ. ಜೊತೆಗೆ ಸೋಂಕು ತಡೆಯ ಡಾಕ್ಟರು. ಗೇಟಿನ ಹತ್ತಿರ ನೆಂಟರು, ಹಣ್ಣಿನ ಗಾಡಿಯವನು, ಬಸ್ಸಿಗೆ ನಿಂತವರು ಎಲ್ಲ ಸೇರಿದ್ದರು.

"ಯಾರ ಅನುಮತಿ ತಗೊಂಡು ಕೆಳಗೆ ಬಂದ್ರಿ?" ಎಂದು ಸಾಹೇಬರು ಯಜಮಾನರನ್ನು ಗದರಿದರು.

"ನಡೀರಿ ನಡೀರಿ ಅಂತ ಇಪ್ಪತ್ತು ದಿನ ಪ್ರಾಣ ತಿಂದ್ರಿ. ನಡೆದೆ."

ಜನ ನಕ್ಕರು. ಟೀಚರ್ ಮಡಿಲಿನಿಂದ ಒಂದು ಕಾಗದ ಎತ್ತಿ ಸಾಹೇಬರಿಗೆ ಕೊಟ್ಟರು. ವಾರ್ಡಿನ ಬಾಗಿಲಿನ ನೋಟಿಸು. ಅದರ ತುಂಬ ಕೆಂಪು ಪೆನ್ಸಿಲಿನ ಗೀಟು.

"ನಾಲ್ಕು ಸಾಲಿಗೆ ಆರು ತಪ್ಪು," ಎಂದರು ಟೀಚರ್, ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ. "ಐದು ಕಾಗುಣಿತದ್ದು. ಆರನೇದು ಸುಳ್ಳು. ನಾನು ದೂರು ಕೊಟ್ಟಿಲ್ಲ. ತಿದ್ದಿ ಅಂಟಿಸಿ."

ಸಾಹೇಬರು ಸೋಂಕಿನ ಮಾತೆತ್ತಿದರು. ಡಾಕ್ಟರು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಸರ್, ಆ ಷರತ್ತುಗಳನ್ನ ಬರೆದು ಕಳಿಸಿ ಮೂರು ವಾರ ಆಯ್ತು. ಸಿಸ್ಟರ್ ಒಂದನ್ನೂ ಮೀರಿಲ್ಲ. ನಾನೇ ಪ್ರತಿ ಗುರುವಾರ ಹೋಗಿ ನೋಡಿದೀನಿ."

ಫಿನಾಯಿಲ್ ಸಾಹೇಬರ ಮೂಗಿನ ಹೊಳ್ಳೆಗಳು ಅರಳಿದವು. ಜನರನ್ನು ನೋಡಿದರು, ಕಾಗದ ನೋಡಿದರು. ಆಮೇಲೆ ನಾಯಿಯನ್ನು. ಅದು, ಗಾಲಿಕುರ್ಚಿ ಬಿಟ್ಟು ಈಚೆ ಬಂದು ಗೇಟಿನ ಕಂಬ ಹಿಡಿದಿದ್ದ ಯಜಮಾನರ ಪಾದದ ಮೇಲೆ ಗಲ್ಲವಿಟ್ಟು ಮಲಗಿಬಿಟ್ಟಿತ್ತು, ಅವರು ಅಲ್ಲಾಡದೆ ನಿಂತಿದ್ದರು. "ಗುರುವಾರ. ಒಂದೇ ಗಂಟೆ. ಹಿಂದಿನ ಜಗಲೀಲಿ, ವಾರ್ಡಿನ ಒಳಗಲ್ಲ," ಎಂದರು. "ಬರೆದು ಕೊಡ್ತೀನಿ." ನಾಲ್ಕು ಹೆಜ್ಜೆ ಹೋಗಿ ನಿಂತು, "ಸಿಸ್ಟರ್, ನಾಳೆ ಬಂದು ನನ್ನ ಕಾಣಿ," ಎಂದರು.

ಶುಕ್ರವಾರ ಅವರ ಮೇಜಿನ ಮೇಲೆ ಎರಡು ಕಾಗದ ಇದ್ದವು. ಒಂದು, ಜಗಲಿಯ ಅನುಮತಿ, ಸಹಿ ಸಮೇತ. ಇನ್ನೊಂದು, ಅವಳು ಸಹಿ ಹಾಕಬೇಕಾದ ಕ್ಷಮಾಪಣೆ.

"ಇದಕ್ಕೆ ಸಹಿ ಹಾಕಿದ್ರೆ ಸೋಮವಾರದಿಂದ ಮತ್ತೆ ಮೂಳೆ ವಾರ್ಡು. ನನಗೂ ಮೇಲಿನವರಿಗೆ ತೋರಿಸೋಕೆ ಏನಾದ್ರೂ ಬೇಕಲ್ಲ," ಎಂದರು ಸಾಹೇಬರು. ದನಿಯಲ್ಲಿ ಅಂದು ಬಿರುಸು ಇರಲಿಲ್ಲ.

ಅವಳು ಓದಿದಳು. ನಾನು ಮಾಡಿದ್ದು ತಪ್ಪೆಂದು ಮನಗಂಡು ಪಶ್ಚಾತ್ತಾಪ ಪಡುತ್ತೇನೆ ಎಂದಿತ್ತು. ವಾರ್ಡು ಕಣ್ಣ ಮುಂದೆ ಬಂತು: ಬೆಳಗಿನ ಬಿಸಿಲು, ಹದಿನೆಂಟು ಮಂಚ, ಬಿಸಿನೀರಿನ ಬೋಗುಣಿ. ಬೇಕಾಗಿತ್ತು ಅವಳಿಗೆ, ತುಂಬ ಬೇಕಾಗಿತ್ತು. ಪೆನ್ನು ಎತ್ತಿಕೊಂಡಳು. ಅಚ್ಚಾಗಿದ್ದ ಸಾಲುಗಳ ಮೇಲೆ ಉದ್ದಕ್ಕೆ ಗೀಟು ಎಳೆದು ಕೆಳಗೆ ಬರೆದಳು: ಮೊದಲ ಸಲ ಯಾರನ್ನೂ ಕೇಳದೆ ನಾಯಿ ಕರೆತಂದೆ, ಅದು ನಿಜ. ಹೆದರುವವರನ್ನು ಮೊದಲೇ ಕೇಳಲಿಲ್ಲ, ಅದಕ್ಕೆ ಟೀಚರ ಕ್ಷಮೆ ಕೇಳಿದ್ದೇನೆ. ಉಳಿದದ್ದಕ್ಕೆ ಪಶ್ಚಾತ್ತಾಪವಿಲ್ಲ. ಅದರ ಕೆಳಗೆ ದುಂಡಗೆ ಸಹಿ ಹಾಕಿದಳು.

ಸಾಹೇಬರು ಓದಿ ತಲೆ ಅಲ್ಲಾಡಿಸಿದರು. "ಉಗ್ರಾಣದಲ್ಲೇ ಇರಬೇಕಾಗುತ್ತೆ ಸಿಸ್ಟರ್."

"ಇರ್ತೀನಿ ಸರ್."

ಇದ್ದಳು. ಯಜಮಾನರು ಮುಂದಿನ ವಾರ ಮಗಳ ತೋಳು ಹಿಡಿದು ನಡೆದೇ ಮನೆಗೆ ಹೋದರು. ಟೀಚರ ಪ್ಲಾಸ್ಟರು ಬಿಚ್ಚಿದರು. ನಾಯಿಯ ಭಯ ಅವರಿಗೆ ಹೋಗಲಿಲ್ಲ, ಹೋಗಬೇಕೆಂದು ಯಾರೂ ಕೇಳಲೂ ಇಲ್ಲ. ಗುರುವಾರ ನಾಲ್ಕು ಗಂಟೆಗೆ ಜಗಲಿಯಲ್ಲಿ ಬೇರೆ ರೋಗಿಗಳು, ಬೇರೆ ಮುರಿದ ಕೈಕಾಲುಗಳು. ಕೆಲವರು ಗೊರಕೆಯನ್ನು ಮುಟ್ಟಿದರು, ಕೆಲವರು ದೂರ ಕೂತು ನೋಡಿದರು, ಒಬ್ಬಾಕೆ ಅದರ ಕಿವಿಯಲ್ಲಿ ಅರ್ಧ ಗಂಟೆ ಏನೋ ಪಿಸುಗುಟ್ಟಿ ಕಣ್ಣೊರೆಸಿಕೊಂಡು ಎದ್ದು ಹೋದಳು. ಭಾನುವಾರ ಬಿಟ್ಟು ಉಳಿದ ಐದು ದಿನ ದೊಡ್ಡ ಸಿಸ್ಟರ್ ನೆಲಮಾಳಿಗೆಯಲ್ಲಿ ಬಟ್ಟೆ ಮಡಿಸಿದಳು.

ಮಡಿಸುತ್ತಾ ಮಡಿಸುತ್ತಾ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಮೂಳೆ ವಾರ್ಡಿಗೆ ಹೋಗುವ ಹೊದಿಕೆಗಳಲ್ಲಿ ಅರ್ಧಕ್ಕರ್ಧ ನಡುವೆಯೇ ಹರಿದವು, ಚಳಿಗೆ ಸಾಲದವು. ಹೊಸವು ಎರಡು ವರ್ಷದಿಂದ ಮೇಲಿನ ಕಪಾಟಿನಲ್ಲಿ, ದೊಡ್ಡ ಅಧಿಕಾರಿಗಳು ನೋಡಲು ಬರುವ ದಿನಕ್ಕೆಂದು ಕಟ್ಟಿಟ್ಟ ಹಾಗೇ ಇದ್ದವು. ಒಂದು ಸೋಮವಾರ ಬೆಳಿಗ್ಗೆ ಅವಳು ಏಣಿ ಹಾಕಿಕೊಂಡು ಹತ್ತಿ ಆ ಗಂಟುಗಳನ್ನೆಲ್ಲ ಕೆಳಗೆ ಉರುಳಿಸಿದಳು. ತಳ್ಳುಗಾಡಿಗೆ ಹೇರಿ ವಾರ್ಡಿಗೆ ಕಳಿಸಿದಳು. ಆಮೇಲೆ ಹರಿದ ಹೊದಿಕೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ತೂತಿನದನ್ನು ಆರಿಸಿ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲು ಹತ್ತಿ ಸೂಪರಿಂಟೆಂಡೆಂಟರ ಕೋಣೆಯ ಬಾಗಿಲು ತಟ್ಟಿದಳು.

"ಸರ್," ಎಂದಳು, "ಇನ್ನೊಂದು ವಿಷಯ ಇದೆ."